ಟ್ರ್ಯಾಕ್ಟರಿಗೆ ಕೂಡಿಸುವ ತಿರುಪಿನ ಸೌದೆ ಸೀಳು ಯಂತ್ರ: ಉಪಯೋಗ ಎಲ್ಲಿ, ಅಪಾಯ ಎಲ್ಲಿ

ಕಲ್ಯಾಣ ಮಂಟಪದ ಅಡುಗೆ ಭಟ್ಟರು ಕೇಳುವ ಸೌದೆಯೂ ಮನೆಯ ಹಂಡೆ ಒಲೆಗೆ ಬೇಕಾದ ಸೌದೆಯೂ ಒಂದೇ ಅಲ್ಲ. ಹಂಡೆ ಒಲೆಗೆ ಒಂದೂವರೆ ಅಡಿಯ ತುಂಡು ಸಾಕು. ಭಟ್ಟರ ದೊಡ್ಡ ಒಲೆಗೆ ಮೂರು ನಾಲ್ಕು ಅಡಿ ಉದ್ದದ, ಕೈಹಿಡಿಗೆ ಸ್ವಲ್ಪ ದಪ್ಪವೆನಿಸುವ ಸೀಳುಗಳು ಬೇಕು. ಬೆಂಗಳೂರಿನ ಸುತ್ತ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳ ಕಡೆ ನೀಲಗಿರಿ ತೋಪು ತೆಗೆಸಿ ಸೌದೆ ಮಾರುವ ರೈತರಲ್ಲಿ ಹಲವರ ಬಳಿ ಟ್ರ್ಯಾಕ್ಟರ್ ಇದ್ದೇ ಇರುತ್ತದೆ. ಆದ್ದರಿಂದ ಅದರ ಹಿಂದಕ್ಕೆ ಒಂದು ಉಕ್ಕಿನ ತಿರುಪನ್ನು ಕೂಡಿಸಿ ದಿಮ್ಮಿಗಳನ್ನು ಸೀಳಬಹುದೆಂಬ ಮಾತು ಕಿವಿಗೆ ಬಿದ್ದಾಗ ಆಸೆಯಾಗುವುದು ಸಹಜ. ಆ ಆಸೆ ಪೂರ್ತಿ ತಪ್ಪೂ ಅಲ್ಲ. ಆದರೆ ಈ ಯಂತ್ರವನ್ನು ಕೊಳ್ಳುವ ಅಥವಾ ಮಾಡಿಸುವ ಮೊದಲು ಅದು ಎಷ್ಟು ಬೇಗ ಸೀಳುತ್ತದೆ ಎಂಬುದಕ್ಕಿಂತ, ಸೀಳುತ್ತಿರುವಾಗ ಅದನ್ನು ಯಾರು, ಎಲ್ಲಿ ನಿಂತು, ಹೇಗೆ ನಿಲ್ಲಿಸುತ್ತಾರೆ ಎಂಬುದನ್ನು ಕೇಳಬೇಕು. ಈ ಬರಹದ ಬಹುಭಾಗ ಆ ಒಂದು ಪ್ರಶ್ನೆಯ ಸುತ್ತಲೇ ಇದೆ.

ಯಂತ್ರದ ರಚನೆ ಬಹಳ ಸರಳ. ಬುಗುರಿಯನ್ನು ಅಡ್ಡ ಮಲಗಿಸಿದಂತೆ ಒಂದು ಉಕ್ಕಿನ ಶಂಕು. ಅದರ ಮೊನೆಯಿಂದ ಬುಡದವರೆಗೆ ಬಡಗಿಯ ಬೈರಿಗೆಗೆ ಇರುವಂಥ ಥ್ರೆಡ್. ಟ್ರ್ಯಾಕ್ಟರಿನ ಪಿಟಿಒ, ಅಂದರೆ ಬೇರೆ ಯಂತ್ರಗಳನ್ನು ನಡೆಸಲು ಅದರ ಹಿಂಬದಿಯಲ್ಲಿರುವ ಶಾಫ್ಟು, ತಿರುಗಿದಾಗ ಮೊನೆ ಮರದೊಳಕ್ಕೆ ಕಚ್ಚುತ್ತದೆ, ಥ್ರೆಡ್ ದಿಮ್ಮಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ, ಅಗಲವಾಗುತ್ತ ಹೋಗುವ ಶಂಕು ಬೆಣೆಯ ಕೆಲಸ ಮಾಡಿ ನಾರಿನ ಗುಂಟ ಮರವನ್ನು ಎರಡಾಗಿಸುತ್ತದೆ. ನಾವು ತಳ್ಳಬೇಕಾಗಿಲ್ಲ, ತಿರುಪೇ ಎಳೆಯುತ್ತದೆ. ಎಣ್ಣೆಯ ಟ್ಯಾಂಕು, ಪಂಪು, ಸಿಲಿಂಡರ್, ಒಡೆದು ಸೋರುವ ಹೋಸ್‌ಪೈಪು ಯಾವುದೂ ಇಲ್ಲ. ಎಣ್ಣೆಯ ಒತ್ತಡದಿಂದ ಬೆಣೆ ಮತ್ತು ದಿಮ್ಮಿಯನ್ನು ಒತ್ತಿ ಸೀಳುವ ಹೈಡ್ರಾಲಿಕ್ ಯಂತ್ರಕ್ಕಿಂತ ಇದು ಅಗ್ಗವಾಗಿರುವುದಕ್ಕೂ, ಊರಿನ ಲೇತ್ ಅಂಗಡಿಯಲ್ಲೇ ಮಾಡಿಸಿಕೊಳ್ಳಬಹುದು ಎಂಬ ಧೈರ್ಯ ಜನರಿಗೆ ಬರುವುದಕ್ಕೂ ಇದೇ ಕಾರಣ.

ಇದರ ನಿಜವಾದ ಅನುಕೂಲ ಉದ್ದದ ದಿಮ್ಮಿಗಳಲ್ಲಿದೆ. ಸಾಮಾನ್ಯ ಹೈಡ್ರಾಲಿಕ್ ಯಂತ್ರದ ಸಿಲಿಂಡರ್ ಎರಡಡಿಯ ಆಸುಪಾಸಿನಷ್ಟೇ ಚಾಚುವುದರಿಂದ ಅದಕ್ಕಿಂತ ಉದ್ದದ ತುಂಡನ್ನು ಅದರಲ್ಲಿ ಕೂರಿಸಲು ಬರುವುದಿಲ್ಲ. ತಿರುಪು ದಿಮ್ಮಿಯ ಮಗ್ಗುಲಿನಿಂದ ಒಳಹೋಗುವುದರಿಂದ ಉದ್ದ ಅದಕ್ಕೆ ಅಡ್ಡಿಯಾಗುವುದಿಲ್ಲ. ನಾಲ್ಕಡಿಯ ನೀಲಗಿರಿ ದಿಮ್ಮಿಯನ್ನೂ ಅದು ಕೆಲವೇ ಸೆಕೆಂಡುಗಳಲ್ಲಿ ಉದ್ದಕ್ಕೆ ಸೀಳಬಲ್ಲದು. ಎಳೆ ನೇರವಾಗಿರುವ ಸರ್ವೆ, ಸಿಲ್ವರ್ ಓಕ್ ಮತ್ತು ಕಡಿದು ಹೆಚ್ಚು ದಿನವಾಗದ ನೀಲಗಿರಿ ಇದಕ್ಕೆ ಒಗ್ಗುವ ಮರಗಳು. ನೀಲಗಿರಿಯನ್ನು ಹಸಿಯಿದ್ದಾಗಲೇ ಸೀಳಬೇಕು. ಬೇಸಿಗೆ ಪೂರ್ತಿ ಬಿಸಿಲಿಗೆ ಬಿಟ್ಟ ದಿಮ್ಮಿ ಕಲ್ಲಿನಂತಾಗಿ ಯಾವ ಯಂತ್ರಕ್ಕೂ ಜಗ್ಗುವುದಿಲ್ಲ ಎಂಬುದು ಕೊಡಲಿ ಹಿಡಿದವರೆಲ್ಲ ಬಲ್ಲ ಸಂಗತಿ. ಹುಣಸೆ, ಬಳ್ಳಾರಿ ಜಾಲಿ, ಆಲ, ರಸ್ತೆಬದಿಯ ಮಳೆಮರ ಇವುಗಳಿಗೆ ತಿರುಪನ್ನು ಹಚ್ಚಲೇಬಾರದು ಎಂಬುದು ನನ್ನ ಅಭಿಪ್ರಾಯ. ಅವುಗಳ ನಾರು ಒಂದಕ್ಕೊಂದು ಹೆಣೆದುಕೊಂಡಿರುತ್ತದೆ, ಗಂಟುಗಳೂ ಹೆಚ್ಚು. ತಿರುಪು ಒಳಹೋಗುತ್ತದೆ, ಮರ ಮಾತ್ರ ಬೇರೆಯಾಗುವುದಿಲ್ಲ.

ನಗರದೊಳಗೆ ಗಾಳಿಮಳೆಗೆ ಬಿದ್ದ ಮರಗಳ ದಿಮ್ಮಿಗಳಿಗೆ ಇನ್ನೊಂದು ತೊಂದರೆಯಿದೆ. ಬೆಂಗಳೂರಿನ ಬೀದಿಮರಗಳಿಗೆ ಬಡಿದಿರುವ ಮೊಳೆಗಳಿಗೆ ಲೆಕ್ಕವಿಲ್ಲ: ಮನೆಪಾಠದ ಬೋರ್ಡು, ಬಾಡಿಗೆ ಮನೆಯ ಫಲಕ, ಕೇಬಲ್ಲಿನವರ ಕೊಕ್ಕೆ. ತೊಗಟೆ ಅವುಗಳನ್ನು ನುಂಗಿ ಬೆಳೆದಿರುವುದರಿಂದ ಹೊರಗಿನಿಂದ ಕಾಣುವುದಿಲ್ಲ. ತಿರುಗುವ ಮೊನೆ ಅಂಥ ಕಬ್ಬಿಣಕ್ಕೆ ತಾಗಿದರೆ ಥ್ರೆಡ್ ಚಕ್ಕೆಯೇಳುತ್ತದೆ, ಒಮ್ಮೊಮ್ಮೆ ಚಕ್ಕೆ ಸಿಡಿದು ಬರುತ್ತದೆ. ಸೌದೆಗಾಗಿ ಮರ ಕಡಿಸುವವರು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಅಡಿ ಅನುಮತಿ ಬೇಕೇ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು. ನೀಲಗಿರಿ, ಸರ್ವೆ, ಸಿಲ್ವರ್ ಓಕ್ ಮುಂತಾದ ಕೆಲವು ಜಾತಿಗಳಿಗೆ ಅದರಲ್ಲಿ ವಿನಾಯಿತಿ ಇದೆ.

ಅಪಾಯ ಎಲ್ಲಿಂದ ಬರುತ್ತದೆ

ಟ್ರ್ಯಾಕ್ಟರಿನ ಪಿಟಿಒಗೆ ಸಾಮಾನ್ಯವಾಗಿ ನಿಗದಿಯಾಗಿರುವ ವೇಗ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು. ಶಂಕುವಿನ ಬುಡ 10 ಸೆಂಟಿಮೀಟರ್ ಅಗಲವಿದ್ದರೆ ಅದರ ಸುತ್ತಳತೆ ಸುಮಾರು 31 ಸೆಂಟಿಮೀಟರ್; ಸೆಕೆಂಡಿಗೆ ಒಂಬತ್ತು ಸಲ ತಿರುಗಿದಾಗ ಅದು 2.8 ಮೀಟರ್ ಬಟ್ಟೆಯನ್ನು ಸುತ್ತಿಕೊಳ್ಳಬಲ್ಲದು. ನಾಲ್ಕು ಮೊಳದ ಪಂಚೆಯ ಉದ್ದ ಎರಡು ಮೀಟರನ್ನೂ ಮುಟ್ಟುವುದಿಲ್ಲ. ಉಟ್ಟ ಪಂಚೆಯ ಅಂಚು ಥ್ರೆಡ್ಡಿಗೆ ಸಿಕ್ಕಿದರೆ ಇಡೀ ಪಂಚೆ ಸುತ್ತಿಕೊಳ್ಳಲು ಒಂದು ಸೆಕೆಂಡೂ ಬೇಡ. ಅದರೊಳಗಿರುವ ಮನುಷ್ಯನಿಗೆ ಕೂಗಲೂ ಸಮಯವಿರುವುದಿಲ್ಲ. ಹೆಗಲ ಮೇಲಿನ ಟವೆಲು, ಸೀರೆಯ ಸೆರಗು, ದುಪ್ಪಟ್ಟಾ, ಗುಂಡಿ ಹಾಕದ ತುಂಬುತೋಳಿನ ಅಂಗಿ, ಕೈಗೆ ಸಡಿಲವಾದ ಗ್ಲೌಸು, ಕೊರಳಿನ ದಾರ, ಎಲ್ಲಕ್ಕೂ ಇದೇ ಲೆಕ್ಕ.

ಹೈಡ್ರಾಲಿಕ್ ಯಂತ್ರ ನಿಧಾನವಾಗಿ ಒತ್ತುತ್ತದೆ, ಮತ್ತು ಸರಿಯಾಗಿ ಮಾಡಿದ ಯಂತ್ರದಲ್ಲಿ ಹಿಡಿಯಿಂದ ಕೈ ತೆಗೆದರೆ ಬೆಣೆ ನಿಲ್ಲುತ್ತದೆ. ಎರಡೂ ಕೈ ಹಿಡಿಗಳ ಮೇಲಿದ್ದರೆ ಮಾತ್ರ ಚಲಿಸುವಂತೆ ಮಾಡಿದವೂ ಇವೆ. ಕೈಗಳು ಅಲ್ಲಿದ್ದ ಮೇಲೆ ಬೆಣೆಯ ಬಾಯಿಗೆ ಹೋಗುವ ಮಾತೇ ಇಲ್ಲ. ತಿರುಪಿನ ಸ್ವಭಾವ ಇದಕ್ಕೆ ತದ್ವಿರುದ್ಧ. ಅದು ತಾನೇ ಎಳೆದುಕೊಳ್ಳುತ್ತದೆ, ಕೈ ಬಿಟ್ಟರೂ ಎಳೆಯುತ್ತಲೇ ಇರುತ್ತದೆ, ಕೈಗಳೆರಡೂ ದಿಮ್ಮಿಯ ಮೇಲೆ ಅದರ ಪಕ್ಕದಲ್ಲೇ ಇರುತ್ತವೆ, ನಿಲ್ಲಿಸುವ ಕ್ಲಚ್ಚು ಮಾತ್ರ ಟ್ರ್ಯಾಕ್ಟರಿನ ಸೀಟಿನ ಮುಂದೆ ಇರುತ್ತದೆ. ಸೌದೆ ಸೀಳು ಯಂತ್ರಗಳ ಸುರಕ್ಷತೆಗೆಂದು ಇರುವ ಯುರೋಪಿನ ಇಎನ್ 609 ಮಾನದಂಡದಲ್ಲಿ ಬೆಣೆಯ ಯಂತ್ರಕ್ಕೆ ಒಂದು ಭಾಗ, ತಿರುಪಿನ ಯಂತ್ರಕ್ಕೆ ಬೇರೆಯೇ ಒಂದು ಭಾಗ ಇರುವುದನ್ನು ನೋಡಿದರೂ ಎರಡರ ಅಪಾಯ ಒಂದೇ ಬಗೆಯದಲ್ಲ ಎಂಬುದು ತಿಳಿಯುತ್ತದೆ. ನಮ್ಮಲ್ಲಿ ಒಕ್ಕಣೆ ಯಂತ್ರಗಳು ಅದೆಷ್ಟೋ ಕೈಗಳನ್ನು ತೆಗೆದುಕೊಂಡ ನಂತರ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಬಂತು. ಪೈರು ಊಡುವ ಬಾಯಿಯನ್ನು ಉದ್ದ ಮಾಡಿ ಮುಚ್ಚಿದ್ದರಿಂದ ಕೈ ಡ್ರಮ್ಮಿನಿಂದ ದೂರ ಉಳಿಯಿತು. ತಿರುಪಿನ ಯಂತ್ರದಲ್ಲಿ ಅಂಥ ಬಾಯಿಗೆ ಜಾಗವೇ ಇಲ್ಲ. ಶಂಕು ಬಯಲಲ್ಲೇ ತಿರುಗಬೇಕು.

ಎರಡನೆಯ ಅಪಾಯ ದಿಮ್ಮಿಯದೇ. ತಿರುಪು ಕಚ್ಚಿದ ಕ್ಷಣದಿಂದ ದಿಮ್ಮಿಯೂ ಅದರೊಡನೆ ತಿರುಗಲು ನೋಡುತ್ತದೆ. ಟ್ರ್ಯಾಕ್ಟರಿನ ಹಿಂದೆ, ಎಂಜಿನ್ನಿನತ್ತ ಮುಖ ಮಾಡಿ ನಿಂತವರಿಗೆ ಪಿಟಿಒ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ಆದ್ದರಿಂದ ಅಡ್ಡ ಹಿಡಿದ ದಿಮ್ಮಿಯ ಬಲತುದಿ ಕೆಳಕ್ಕೆ ಒತ್ತುತ್ತದೆ, ಎಡತುದಿ ಮೇಲಕ್ಕೆ ಏಳುತ್ತದೆ. ಬಲಗಡೆ ಕೆಳಗೆ ಗಟ್ಟಿಯಾದ ಅಡ್ಡಪಟ್ಟಿ ಇದ್ದರೆ ದಿಮ್ಮಿ ಅದಕ್ಕೆ ಒರಗಿ ನಿಲ್ಲುತ್ತದೆ. ಇಲ್ಲದಿದ್ದರೆ ಇಪ್ಪತ್ತು ಕೆ.ಜಿ. ತೂಕದ ಕೊರಡು ಫ್ಯಾನಿನ ರೆಕ್ಕೆಯಂತೆ ತಿರುಗುತ್ತದೆ, ಮತ್ತು ಮೊದಲು ಮೇಲೇಳುವ ಎಡತುದಿ ಬಾಗಿ ನಿಂತವರ ಗಲ್ಲಕ್ಕೋ ಎದೆಗೋ ಬಡಿಯುತ್ತದೆ. ಅಡ್ಡಪಟ್ಟಿಯನ್ನು ಮುಟ್ಟಲಾರದಷ್ಟು ಗಿಡ್ಡನೆಯ ತುಂಡುಗಳು ಉದ್ದದವುಗಳಿಗಿಂತ ಹೆಚ್ಚು ಅಪಾಯಕಾರಿಯಾಗುವುದು ಇದರಿಂದಲೇ. ಚಿಕ್ಕದೆಂದು ಅವುಗಳನ್ನು ಕೈಯಲ್ಲೇ ಹಿಡಿದು ಒಡ್ಡುವವರಿದ್ದಾರೆ. ಅಂಥ ತುಂಡಿಗೆ ಕೊಡಲಿಯೇ ಸರಿ.

ಕೊಳ್ಳುವಾಗ, ಮಾಡಿಸುವಾಗ

ಶಂಕುವನ್ನು ನೇರವಾಗಿ ಪಿಟಿಒ ಶಾಫ್ಟಿನ ಹಲ್ಲುಗಳಿಗೆ ತೊಡಿಸುವ ಬಗೆ ಅಗ್ಗ, ಆದರೆ ಅದನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ದಿಮ್ಮಿಯ ಎಳೆತ, ಪಕ್ಕದ ಒದೆತ ಎಲ್ಲವೂ ಟ್ರ್ಯಾಕ್ಟರಿನ ಒಳಗಿನ ಬೇರಿಂಗಿಗೂ ಆಯಿಲ್ ಸೀಲಿಗೂ ಬೀಳುತ್ತವೆ. ಆ ಬೇರಿಂಗು ಶಾಫ್ಟನ್ನು ತಿರುಗಿಸಲು ಇರುವುದೇ ಹೊರತು ದಿಮ್ಮಿಯ ಹೊಡೆತ ತಾಳಲು ಅಲ್ಲ. ತ್ರೀ ಪಾಯಿಂಟ್ ಲಿಂಕೇಜಿಗೆ (ನೇಗಿಲು ಮುಂತಾದವನ್ನು ಕೂಡಿಸುವ ಹಿಂಬದಿಯ ಮೂರು ತೋಳುಗಳಿಗೆ) ಕೂಡುವ ಚೌಕಟ್ಟು, ಶಂಕುವಿಗೆ ತನ್ನದೇ ಆದ ಎರಡು ಬೇರಿಂಗುಗಳು, ಅವುಗಳಲ್ಲಿ ಒಂದಾದರೂ ಉದ್ದದ ಒತ್ತಡ ತಾಳುವಂಥದ್ದು, ನಡುವೆ ಪ್ಲಾಸ್ಟಿಕ್ ಕವಚವಿರುವ ಜಾಯಿಂಟ್ ಶಾಫ್ಟು ಮತ್ತು ಹೊರೆ ಮೀರಿದರೆ ತುಂಡಾಗುವ ಒಂದು ಶಿಯರ್ ಬೋಲ್ಟು: ಇಷ್ಟು ಇರಲೇಬೇಕು. ಶಿಯರ್ ಬೋಲ್ಟು ಪದೇಪದೇ ಮುರಿಯುತ್ತದೆಂದು ಅದರ ಜಾಗಕ್ಕೆ ಹೈಟೆನ್ಸೈಲ್ ಬೋಲ್ಟು ಹಾಕುವುದು ಮನೆಯ ಫ್ಯೂಸಿಗೆ ದಪ್ಪ ತಂತಿ ಸುತ್ತಿದಂತೆ.

ಥ್ರೆಡ್ಡಿನ ದಿಕ್ಕಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಅದರಲ್ಲಿ ನಾನೇ ಮೋಸ ಹೋಗಿದ್ದೇನೆ. ಪಿಟಿಒಗೆ ನೇರ ಸಂಪರ್ಕವಿರುವ ಶಂಕುವಿಗೆ, ಅದು ಮೇಲೆ ಹೇಳಿದ ದಿಕ್ಕಿನಲ್ಲಿ ತಿರುಗುವುದರಿಂದ, ಲೆಫ್ಟ್ ಥ್ರೆಡ್, ಅಂದರೆ ಸಾಮಾನ್ಯ ಸ್ಕ್ರೂಗೆ ಇರುವುದಕ್ಕೆ ವಿರುದ್ಧ ದಿಕ್ಕಿನ ಥ್ರೆಡ್, ಬೇಕು. ನಾವು ಮಾಡಿಸಿದ ಲೇತ್ ಅಂಗಡಿಯವರು ಅಭ್ಯಾಸಬಲದಿಂದ ರೈಟ್ ಥ್ರೆಡ್ ಕಡೆದು ಕೊಟ್ಟರು. ನಾನೂ ನೋಡದೆ ತಂದೆ. ಹೊಳೆಯುವ ಶಂಕು ನೀಲಗಿರಿಯ ತೊಗಟೆಯನ್ನು ಸವರಿತು, ಸುಟ್ಟ ವಾಸನೆ ಬಂತು, ಕಪ್ಪಗೆ ಒಂದು ಬಟ್ಟಲಿನಷ್ಟು ಗುಳಿ ಬಿತ್ತು, ಅಷ್ಟೆ. ಮೊನೆ ಮೊಂಡಾಗಿದೆಯೆಂದು ತಿಳಿದು ನಾವಿಬ್ಬರು ದಿಮ್ಮಿಗೆ ಸೊಂಟ ಕೊಟ್ಟು ತಳ್ಳಿದೆವು. ದಿಮ್ಮಿ ಜಾರಿತು. ನಾನು ಮುಂದಕ್ಕೆ ಮುಗ್ಗರಿಸಿದಾಗ ಅಂಗೈ ನೆಲಕ್ಕೆ ಬಿದ್ದ ಜಾಗಕ್ಕೂ ಶಂಕುವಿಗೂ ಒಂದು ಗೇಣು ಅಂತರವಿತ್ತು. ಅಂದಿನಿಂದ ನಾನು ಪಾಲಿಸುವ ನಿಯಮ ಇದು: ತಿರುಪಿಗೆ ದಿಮ್ಮಿಯನ್ನು ಒಡ್ಡಬೇಕು, ತಳ್ಳಬಾರದು, ತಳ್ಳಬೇಕಾಗಿ ಬಂದರೆ ಎಲ್ಲೋ ತಪ್ಪಿದೆ, ಎಂಜಿನ್ ನಿಲ್ಲಿಸಿ ನೋಡಬೇಕು. ಕೆಲವು ಟ್ರ್ಯಾಕ್ಟರುಗಳಲ್ಲಿ ರಿವರ್ಸ್ ಪಿಟಿಒ ಇರುತ್ತದೆ. ಅದರ ಲಿವರ್ ಯಾವ ಕಡೆ ಇದೆಯೆಂಬುದನ್ನೂ ದಿಮ್ಮಿ ಒಡ್ಡುವ ಮೊದಲೇ ನೋಡಬೇಕು.

ಇನ್ನು ನಿಲ್ಲಿಸುವ ವ್ಯವಸ್ಥೆ. ಪೆಟ್ರೋಲ್ ಎಂಜಿನ್ನಾದರೆ ಕಿಡಿ ತಪ್ಪಿಸುವ ಒಂದು ಸ್ವಿಚ್ಚು ಸಾಕಾಗುತ್ತಿತ್ತು. ಡೀಸೆಲ್ ಎಂಜಿನ್ನಿಗೆ ಕಿಡಿಯೇ ಇಲ್ಲ; ಹಳೆಯ ಟ್ರ್ಯಾಕ್ಟರುಗಳು ಕೀ ತಿರುಗಿಸಿದರೂ ನಿಲ್ಲುವುದಿಲ್ಲ, ಡೀಸೆಲ್ ತಡೆಯುವ ಸ್ಟಾಪ್ ನಾಬನ್ನು ಎಳೆಯಬೇಕು. ಆ ನಾಬು ಡ್ಯಾಶ್‌ಬೋರ್ಡಿನಲ್ಲಿ, ನೀವು ಹಿಂದುಗಡೆ. ಆದ್ದರಿಂದ ಡೀಸೆಲ್ ತಡೆಯುವ, ಕರೆಂಟಿನಿಂದ ನಡೆಯುವ ಸೊಲೆನಾಯ್ಡ್ ಎಂಬ ಸಾಧನವೊಂದನ್ನು ಹಾಕಿಸಿ, ಅದರ ಸ್ವಿಚ್ಚನ್ನು ಸೀಳುವವರ ಮೊಣಕಾಲಿಗೆ ಅಥವಾ ಸೊಂಟಕ್ಕೆ ತಾಗುವಂತೆ ಚೌಕಟ್ಟಿನ ಮೇಲೆ ಕೂರಿಸಬೇಕು. ಕೈಯಿಂದ ಒತ್ತುವ ಸ್ವಿಚ್ಚು ಮಾತ್ರ ಸಾಲದು, ಏಕೆಂದರೆ ಅವಘಡವಾದಾಗ ಸಿಕ್ಕಿಕೊಂಡಿರುವುದು ಕೈಯೇ. ಸೊಲೆನಾಯ್ಡಿನಲ್ಲಿ ಎರಡು ಬಗೆ: ಕರೆಂಟು ಕೊಟ್ಟಾಗ ಡೀಸೆಲ್ ತಡೆಯುವಂಥದ್ದು, ಕರೆಂಟು ಹೋದಾಗ ತಡೆಯುವಂಥದ್ದು. ಎರಡನೆಯದನ್ನೇ ಆರಿಸಬೇಕು, ಆಗ ವೈರು ಕಿತ್ತುಹೋದರೂ ಎಂಜಿನ್ ನಿಲ್ಲುತ್ತದೆ. ಈ ಕೆಲಸವನ್ನು ಟ್ರ್ಯಾಕ್ಟರ್ ಎಲೆಕ್ಟ್ರಿಷಿಯನ್ನರು ಮಾಡಿಕೊಡುತ್ತಾರೆ. ಇದಕ್ಕೆ ಬದಲಾಗಿ ಸೀಟಿನ ಮೇಲೆ ಒಬ್ಬ ಹುಡುಗನನ್ನು ಕೂರಿಸಿದರಾಯಿತು ಎನ್ನುವವರಿಗೆ ನನ್ನ ಉತ್ತರವಿಷ್ಟೇ: ಮೊದಲ ಹತ್ತು ದಿಮ್ಮಿಗಳವರೆಗೆ ಆ ಹುಡುಗ ನಿಮ್ಮನ್ನು ನೋಡುತ್ತಾನೆ, ಆಮೇಲೆ ಮೊಬೈಲ್ ನೋಡುತ್ತಾನೆ. ಹಿಂದೆ ನಿಲ್ಲಿಸುವ ವ್ಯವಸ್ಥೆಯಿಲ್ಲದ ತಿರುಪಿನ ಯಂತ್ರವನ್ನು ಎಷ್ಟು ಅಗ್ಗವಾಗಿ ಸಿಕ್ಕರೂ ಕೊಳ್ಳಬಾರದು.

ಕೆಲಸದ ಕ್ರಮ

ಟ್ರ್ಯಾಕ್ಟರನ್ನು ಸಮತಟ್ಟಾದ ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಗೇರನ್ನು ನ್ಯೂಟ್ರಲ್ಲಿಗೆ ತಂದು, ಹಿಂದಿನ ಮತ್ತು ಮುಂದಿನ ಚಕ್ರಗಳಿಗೆ ಕಲ್ಲು ಕೊಡಬೇಕು. ಶಂಕು ಮೊಣಕಾಲಿಗಿಂತ ತುಸು ಮೇಲಿರುವಂತೆ ಲಿಂಕೇಜನ್ನು ಹೊಂದಿಸಿ, ಚೌಕಟ್ಟು ತನ್ನ ಕಾಲುಗಳ ಮೇಲೆ ನೆಲಕ್ಕೆ ಊರಿದೆಯೇ ಎಂದು ನೋಡಬೇಕು. ಹೈಡ್ರಾಲಿಕ್ಕಿನ ಮೇಲೆ ತೂಗಾಡುವ ಚೌಕಟ್ಟು ದಿಮ್ಮಿ ಕಚ್ಚಿದಾಗ ಇಳಿದುಬಿಡಬಹುದು. ಕಾಲ ಕೆಳಗೆ ಹಿಂದಿನ ಸೌದೆಯ ಚೂರು ಬಿದ್ದಿರಬಾರದು. ಹತ್ತಿರದಲ್ಲಿ ಸೀಳುವವರೊಬ್ಬರೇ ಇರಬೇಕು; ಉಳಿದವರು, ಮುಖ್ಯವಾಗಿ ಮಕ್ಕಳು, ಐದಾರು ಮಾರು ದೂರವಿರಬೇಕು. ಮೈಗಂಟಿದ ಅಂಗಿ, ಪ್ಯಾಂಟು, ಶೂ, ಕಣ್ಣಿಗೆ ಕನ್ನಡಕ. ಉದ್ದ ಕೂದಲಿದ್ದರೆ ತುರುಬು ಕಟ್ಟಿ ಮುಚ್ಚಬೇಕು. ಗ್ಲೌಸು ಹಾಕುವುದಾದರೆ ಬೆರಳಿಗೆ ಬಿಗಿಯಾಗಿ ಕೂರುವಂಥದ್ದೇ ಆಗಬೇಕು, ಇಲ್ಲವಾದರೆ ಬರಿಗೈಯೇ ವಾಸಿ.

ಪಿಟಿಒ 540ರ ವೇಗದಲ್ಲಿ ತಿರುಗಬೇಕಾದ ಅಗತ್ಯವಿಲ್ಲ. ಹ್ಯಾಂಡ್ ಥ್ರಾಟಲನ್ನು ಇಳಿಸಿ ಅದರ ಅರ್ಧದಷ್ಟು ವೇಗಕ್ಕೆ ತಂದರೂ ಹಸಿ ನೀಲಗಿರಿ ಸಲೀಸಾಗಿ ಸೀಳುತ್ತದೆ. ನಿಮಗೆ ಸಿಗುವ ಸಮಯ ಎರಡರಷ್ಟಾಗುತ್ತದೆ. ಎರಡೂ ತುದಿಗಳನ್ನು ನೇರವಾಗಿ ಕೊಯ್ದ, ಕವಲಿಲ್ಲದ ದಿಮ್ಮಿಯನ್ನು ಆರಿಸಿ, ಬಲಭಾಗವನ್ನು ಅಡ್ಡಪಟ್ಟಿಯ ಮೇಲೆ ಮೊದಲು ಕೂರಿಸಬೇಕು, ಆಮೇಲೆ ಮಗ್ಗುಲನ್ನು ನಿಧಾನವಾಗಿ ಮೊನೆಯತ್ತ ಸರಿಸಬೇಕು. ಮೊನೆ ದಿಮ್ಮಿಯ ತಿರುಳಿಗೆ ಗುರಿಯಿಟ್ಟಂತಿರಬೇಕು. ಅಂಚಿಗೆ ತಾಗಿದರೆ ದಿಮ್ಮಿ ಪಕ್ಕಕ್ಕೆ ಒದೆಯುತ್ತದೆ. ಕೈಗಳು ಶಂಕುವಿನಿಂದ ಎರಡು ಗೇಣಿಗಿಂತ ಹತ್ತಿರ ಬರಬಾರದು, ದಿಮ್ಮಿಗೂ ಅಡ್ಡಪಟ್ಟಿಗೂ ನಡುವೆ ಬೆರಳು ಹೋಗಬಾರದು, ಎಡತುದಿಯ ಮೇಲೆ ಬಾಗಬಾರದು. ಮೊನೆ ಕಚ್ಚಿದೊಡನೆ ಕೈ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿಯಬೇಕು. ಮೊದಲು ಕೇಳುವುದು ಕಿರ್ ಎಂಬ ಸದ್ದು, ಆಮೇಲೆ ತೊಗಟೆಯ ಮೇಲೆ ಕೂದಲೆಳೆಯಂಥ ಗೆರೆ. ಆ ಗೆರೆ ತುದಿಯವರೆಗೂ ಓಡಿ ಚಟಾರೆಂದು ಬಾಯ್ಬಿಡುತ್ತದೆ, ಎರಡು ಹೋಳುಗಳು ಇಬ್ಬದಿಗೆ ಬೀಳುತ್ತವೆ. ಹೋಳು ಬೀಳುವ ಜಾಗದಲ್ಲಿ ಪಾದವಿರಬಾರದು. ಶಂಕು ತಿರುಗುತ್ತಿರುವಾಗ ಅದರ ಕೆಳಗೆ ಬಿದ್ದದ್ದನ್ನು ಎತ್ತಲು ಬಗ್ಗಬಾರದು, ಕೋಲಿನಿಂದ ಎಳೆದುಕೊಳ್ಳಬೇಕು.

ಸೀಳದೆ ಸಿಕ್ಕಿಕೊಂಡ ದಿಮ್ಮಿಯ ವಿಷಯಕ್ಕೆ ಹೆಚ್ಚು ಗಮನ ಕೊಡಬೇಕು. ದಿಮ್ಮಿ ಅರ್ಧ ಬಾಯ್ಬಿಟ್ಟಿರುತ್ತದೆ, ಒಳಗೆ ನಾಲ್ಕಾರು ನಾರಿನ ಎಳೆಗಳು ಸೇತುವೆಯಂತೆ ಹಿಡಿದುಕೊಂಡಿರುತ್ತವೆ, ಒಂದೇ ಒಂದು ಕೊಡಲಿಯೇಟಿಗೆ ಬಿಟ್ಟುಕೊಳ್ಳುತ್ತದೆ ಎನಿಸುತ್ತದೆ. ತಿರುಗುತ್ತಿರುವಾಗಲೇ ಆ ಏಟು ಹಾಕುವ ಆಸೆಯನ್ನು ಗೆಲ್ಲಬೇಕು. ಎಂಜಿನ್ ನಿಲ್ಲಿಸಿ, ಪಿಟಿಒ ಲಿವರನ್ನು ನ್ಯೂಟ್ರಲ್ಲಿಗೆ ತಂದು, ಕೀಯನ್ನು ಜೇಬಿಗೆ ಹಾಕಿಕೊಂಡು, ಶಂಕು ಪೂರ್ತಿ ನಿಂತಿದೆಯೆಂದು ಕಣ್ಣಾರೆ ನೋಡಿದ ಮೇಲೆಯೇ ಹತ್ತಿರ ಹೋಗಬೇಕು. ಬಿರುಕಿಗೆ ಕಬ್ಬಿಣದ ಬೆಣೆಯಿಟ್ಟು ಸಮ್ಮಟಿಗೆಯಿಂದ ಹೊಡೆದರೆ ಬಹುಮಟ್ಟಿಗೆ ಬಿಡುತ್ತದೆ. ಬಿಡದಿದ್ದರೆ ಶಂಕುವಿನ ಬುಡಕ್ಕೆ ಪೈಪ್ ರೆಂಚು ಹಾಕಿ ಕೈಯಿಂದಲೇ ಹಿಂದಕ್ಕೆ ತಿರುಗಿಸಬೇಕು. ರಿವರ್ಸ್ ಪಿಟಿಒ ಬಳಸುವವರು ನೆನಪಿಡಬೇಕಾದದ್ದೊಂದಿದೆ: ದಿಕ್ಕು ಬದಲಾದಾಗ ದಿಮ್ಮಿಯ ಎಡತುದಿ ಕೆಳಕ್ಕೆ ಬರುತ್ತದೆ, ಬಲಗಡೆಯ ಅಡ್ಡಪಟ್ಟಿ ಆಗ ಯಾವ ಆಸರೆಯನ್ನೂ ಕೊಡುವುದಿಲ್ಲ. ಎಡಗಡೆಯೂ ಆಸರೆಯಿಟ್ಟು, ಎಲ್ಲರೂ ದೂರ ಸರಿದು, ಎಂಜಿನ್ನಿನ ಕನಿಷ್ಠ ವೇಗದಲ್ಲಷ್ಟೇ ಅದನ್ನು ಮಾಡಬೇಕು.

ಅವಘಡ ಆಗಿಯೇ ಹೋದರೆ ಮೊದಲು ಎಂಜಿನ್ ನಿಲ್ಲಿಸಬೇಕು, ಸಿಕ್ಕಿಕೊಂಡವರನ್ನು ಎಳೆಯಬಾರದು. ಬಟ್ಟೆಯನ್ನು ಚಾಕುವಿನಿಂದ ಕತ್ತರಿಸಿ ಬಿಡಿಸಬೇಕು. ರಕ್ತ ಸುರಿಯುವ ಜಾಗವನ್ನು ಶುಭ್ರ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿದು 108ಕ್ಕೆ ಕರೆ ಮಾಡಬೇಕು. ಬೆರಳು ತುಂಡಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಟ್ಟಿ, ಆ ಚೀಲವನ್ನು ಐಸಿನ ಮೇಲಿಟ್ಟು ರೋಗಿಯೊಂದಿಗೇ ಕಳಿಸಬೇಕು. ಐಸು ಬೆರಳಿಗೆ ನೇರವಾಗಿ ತಾಗಬಾರದು.

ವರ್ಷಕ್ಕೆ ಒಂದೆರಡು ಲೋಡು ಸೌದೆ ಮಾಡುವವರಿಗೆ, ಬೆಣೆ ಮತ್ತು ಸಮ್ಮಟಿಗೆ ಹಿಡಿದ ಇಬ್ಬರು ಕೂಲಿಯವರು ಈ ಯಂತ್ರಕ್ಕಿಂತ ಎಲ್ಲ ರೀತಿಯಿಂದಲೂ ಮೇಲು. ಎರಡಡಿಯೊಳಗಿನ ತುಂಡುಗಳನ್ನೇ ಹೆಚ್ಚಾಗಿ ಸೀಳುವವರು ಸ್ವಲ್ಪ ಹೆಚ್ಚು ಹಣ ಕೊಟ್ಟು ಟ್ರ್ಯಾಕ್ಟರಿನ ಹೈಡ್ರಾಲಿಕ್ಕಿನಿಂದ ನಡೆಯುವ ಬೆಣೆಯ ಯಂತ್ರವನ್ನು ಕೊಳ್ಳಬೇಕು. ಉದ್ದದ, ನೇರ ಎಳೆಯ ದಿಮ್ಮಿಗಳು ತೋಪಿನ ಲೆಕ್ಕದಲ್ಲಿ ಬರುವವರಿಗೆ ಮಾತ್ರ ತಿರುಪು ಹೊಂದುತ್ತದೆ, ಅದೂ ಮೇಲೆ ಹೇಳಿದ ಚೌಕಟ್ಟು, ಅಡ್ಡಪಟ್ಟಿ ಮತ್ತು ಹಿಂಬದಿಯ ಸ್ವಿಚ್ಚು ಮೂರೂ ಇದ್ದಾಗ.

ಸಂಜೆ ಕೆಲಸ ಮುಗಿದ ಮೇಲೆ ಬೇರಿಂಗುಗಳಿಗೂ ಜಾಯಿಂಟ್ ಶಾಫ್ಟಿಗೂ ಗ್ರೀಸ್ ಹೊಡೆದು, ಥ್ರೆಡ್ಡಿನ ನಡುವೆ ಅಂಟಿದ ತೊಗಟೆಯನ್ನು ಕೆರೆದು, ಮೊನೆ ಮೊಂಡಾಗಿದ್ದರೆ ಅರದಿಂದ ಉಜ್ಜಿ ಸರಿಮಾಡಿಡಬೇಕು. ಟ್ರ್ಯಾಕ್ಟರನ್ನು ರಸ್ತೆಗೆ ಇಳಿಸುವ ಮೊದಲು ಚೌಕಟ್ಟನ್ನು ಕಳಚಬೇಕು. ಸಿಗ್ನಲ್ಲಿನಲ್ಲಿ ಹಿಂದೆ ಬಂದು ನಿಲ್ಲುವ ಸ್ಕೂಟರಿನವರ ಎದೆಯ ಮಟ್ಟಕ್ಕೇ ಆ ಮೊನೆ ಬರುತ್ತದೆ. ಕಳಚಿಟ್ಟ ಶಂಕುವಿಗೆ ಒಂದಡಿ ಉದ್ದದ ಹಳೆಯ ಪಿವಿಸಿ ಪೈಪನ್ನು ತೊಡಿಸಿ, ಮಕ್ಕಳ ಕೈಗೆ ಸಿಗದ ಕಡೆ ಗೋಡೆಗೆ ಮೊನೆ ಮಾಡಿ ಇಡಬೇಕು.